ಮೂರು ವಿಎಂ, ಒಂದು ಹಳೇ ಲ್ಯಾಪ್‌ಟಾಪ್: ವಿಜಯನಗರದ ಪಿಜಿಯಿಂದ ಒಂದು ಪ್ರಕರಣ

ಲ್ಯಾಪ್‌ಟಾಪ್ 2018ರದ್ದು. ಇಂಟೆಲ್ ಐ5-8250ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 11 ಹೋಮ್. ಈಗ ಅದನ್ನು ಬಳಸುತ್ತಿರುವುದು ನನ್ನ ಅಕ್ಕನ ಮಗಳು. ತುಮಕೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಿದ್ದಾಳೆ. ವಿಜಯನಗರದ ಪಿಜಿಯೊಂದರಲ್ಲಿ ಇದ್ದುಕೊಂಡು ಕುಬರ್ನೆಟಿಸ್ ಕಲಿಯುತ್ತಿದ್ದಾಳೆ. ಹಲವು ಮೆಷಿನ್‌ಗಳನ್ನು ಒಂದು ಗುಂಪಾಗಿ ಸೇರಿಸಿ ಅವುಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಅದು. ಕೋರ್ಸಿನ ಲ್ಯಾಬ್‌ಗೆ ಒಂದೇ ಸಲಕ್ಕೆ ಮೂರು ವರ್ಚುವಲ್ ಮೆಷಿನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಓಡಬೇಕು. ಒಂದು ಕಂಟ್ರೋಲ್ ಪ್ಲೇನ್ (ಗುಂಪನ್ನು ನಡೆಸುವುದು), ಎರಡು ವರ್ಕರ್ (ಕೆಲಸ ಮಾಡುವವು). ಮೂರರಲ್ಲೂ ಉಬುಂಟು ಸರ್ವರ್ ಎಂಬ ಲಿನಕ್ಸ್.

ಅವಳ ಲ್ಯಾಪ್‌ಟಾಪಿನಲ್ಲಿ ಮೊದಲನೇ ವಿಎಂ ಲಾಗಿನ್ ತನಕ ಬರುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದಿತ್ತು. ಎರಡನೆಯದನ್ನು ಆನ್ ಮಾಡಿದರೆ ಮೌಸ್ ನಿಂತು ನಿಂತು ಚಲಿಸುತ್ತಿತ್ತು. ಮೂರನೆಯದು ಏಳುತ್ತಲೇ ಇರಲಿಲ್ಲ. ಕೋರ್ಸ್ ನಡೆಸುವವರು ಕೊಟ್ಟ ಸಲಹೆ ಒಂದೇ: ಮೆಷಿನ್ ಹಳೆಯದಾಯಿತು, ಹೊಸದು ತಗೊಳ್ಳಿ. ಭಾವ ಊರಿಂದ ಫೋನ್ ಮಾಡಿ, "ಇಎಂಐನಲ್ಲಿ ತಗೊಂಡುಬಿಡೋಣವಾ?" ಅಂತ ಕೇಳಿದರು. ನಾನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವವನು. "ಸ್ವಲ್ಪ ತಡೀರಿ ಭಾವ, ಮೊದಲು ಎಲ್ಲಿ ಸಾಲ್ತಿಲ್ಲ ಅಂತ ನೋಡ್ತೀನಿ" ಅಂದೆ.

ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಊರಿನ ಪಿಜಿಗಳಲ್ಲಿ ಇಂಥ ಹುಡುಗ ಹುಡುಗಿಯರು ತುಂಬಾ ಜನ. ಕೆಲಸ ಸಿಗುವ ಮುಂಚೆಯೇ ಲ್ಯಾಪ್‌ಟಾಪ್ ಸಾಲ ಹೊತ್ತುಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಆ ಸಾಲ ಬೇಕಿರುವುದಿಲ್ಲ.

ನೋಡಿದಾಗ ಕಂಡದ್ದು

ಯೂಟ್ಯೂಬ್‌ನಲ್ಲಿ ಎಲ್ಲರೂ ಮೊದಲು ಹೇಳುವುದು ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ ವರ್ಚುವಲೈಸೇಷನ್ (ವಿಎಂಗೆ ಪ್ರೊಸೆಸರ್ ಕೊಡುವ ನೆರವು) ಆನ್ ಮಾಡಿ ಅಂತ. ಅದನ್ನು ನೋಡಲು ಬಯಾಸ್‌ಗೆ ಹೋಗಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ಒತ್ತಿದರೆ ಕೆಳಗೆ ಬರೆದಿರುತ್ತದೆ. ಇಲ್ಲಿ ಎನೇಬಲ್ಡ್ ಅಂತಲೇ ಇತ್ತು.

ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಉಳಿದ ಪುಟಗಳನ್ನೂ ನೋಡಿದೆವು. ಎರಡು ವಿಎಂ ಓಡುತ್ತಿರುವಾಗ ಸಿಪಿಯು ಅರ್ಧಕ್ಕಿಂತ ಕೆಳಗಿತ್ತು. ಮೆಮೊರಿ ತುಂಬಿ ತುಳುಕುತ್ತಿತ್ತು. ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡು ಕೂತಿತ್ತು. ರೋಗ ಎಲ್ಲಿದೆ ಅಂತ ಇಷ್ಟರಲ್ಲೇ ಮುಕ್ಕಾಲು ಗೊತ್ತಾಯಿತು. ಪ್ರೊಸೆಸರ್ ಸುಮ್ನೆ ಕಾಯುತ್ತಿದೆ, ಕೆಲಸ ನಿಂತಿರುವುದು ಡಿಸ್ಕ್ ಬಾಗಿಲಲ್ಲಿ.

ಲೆಕ್ಕ ಹಾಕಿದರೆ ಹೀಗೆ. ವಿಂಡೋಸ್ ಒಂದಕ್ಕೇ ಮೂರು ಜಿಬಿಗಿಂತ ಜಾಸ್ತಿ. ಪಾಠ ನೋಡಲು ಬ್ರೌಸರ್ ತೆರೆದಿರಲೇಬೇಕು, ಅದಕ್ಕೆ ಒಂದು ಜಿಬಿ. ಒಂದೊಂದು ವಿಎಂಗೆ ಎರಡು ಜಿಬಿಯಂತೆ ಮೂರಕ್ಕೆ ಆರು. ಈ ಎರಡು ಜಿಬಿಯನ್ನು ಕಡಿಮೆ ಮಾಡುವ ಹಾಗೂ ಇಲ್ಲ. ಕ್ಲಸ್ಟರ್, ಅಂದರೆ ಈ ಮೆಷಿನ್‌ಗಳ ಗುಂಪು, ಕಟ್ಟುವ ಕುಬ್‌ಅಡ್ಮ್ ಎಂಬ ಟೂಲ್ ಕೇಳುವುದೇ ಒಂದು ಮೆಷಿನ್‌ಗೆ ಕನಿಷ್ಠ 2 ಜಿಬಿ. ಕಂಟ್ರೋಲ್ ಪ್ಲೇನ್‌ಗೆ 2 ಸಿಪಿಯು ಇಲ್ಲದಿದ್ದರೆ ಶುರುವಿನಲ್ಲೇ ನಿಂತುಬಿಡುತ್ತದೆ. ಅಲ್ಲಿಗೆ ಹತ್ತು ಜಿಬಿ ದಾಟಿತು. ಇರುವುದು ಎಂಟು.

ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಈ ಲೆಕ್ಕಕ್ಕೆ ಸೇರದ ಇನ್ನೊಂದೂ ಕಾಣುತ್ತಿತ್ತು. ಪಟ್ಟಿಯನ್ನು ಮೆಮೊರಿ ಪ್ರಕಾರ ಜೋಡಿಸಿದಾಗ ಮೇಲೆ ಬಂದ ಹೆಸರುಗಳಲ್ಲಿ ಒಂದು ವಿಎಂಮೆಮ್. "ಇದೇನು ಮಾಮ, ನಾನು ಇದನ್ನ ಹಾಕೇ ಇಲ್ಲ" ಅಂದಳು. ಹಾಕಿದ್ದಳು. ಕೋರ್ಸಿನ ಮೊದಲ ವಾರದಲ್ಲಿ ಅಪ್ಲಿಕೇಶನ್‌ಗಳನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್ ಡೆಸ್ಕ್‌ಟಾಪ್ ಹಾಕಿಸಿದ್ದರು. ವಿಂಡೋಸ್‌ನಲ್ಲಿ ಅದು ಡಬ್ಲ್ಯುಎಸ್ಎಲ್ 2 ಮೇಲೆ ನಡೆಯುತ್ತದೆ. ಡಬ್ಲ್ಯುಎಸ್ಎಲ್ 2 ಅಂದರೆ ವಿಂಡೋಸ್ ಒಳಗೊಂದು ನಿಜವಾದ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು), ಅದನ್ನು ಓಡಿಸಲು ಒಂದು ವಿಎಂ. ಲಾಗಿನ್ ಆದ ಕೂಡಲೇ ಶುರುವಾಗುವಂತೆ ಸೆಟ್ ಆಗಿತ್ತು. ಅಂದರೆ ಅವಳು ಮೊದಲನೇ ವಿಎಂ ಆನ್ ಮಾಡುವ ಹೊತ್ತಿಗೆ ಇನ್ನೊಂದು ವಿಎಂ ಆಗಲೇ ಒಂದೂವರೆ ಜಿಬಿ ಹಿಡಿದುಕೊಂಡು ಓಡುತ್ತಿತ್ತು. ಲ್ಯಾಬ್‌ಗೆ ಅದರಿಂದ ಏನೂ ಉಪಯೋಗವಿಲ್ಲ.

ಮೆಮೊರಿ ಸಾಲದೆ ಹೋದಾಗ ವಿಂಡೋಸ್ ಏನು ಮಾಡುತ್ತದೆ? ಮೆಮೊರಿಯ ಕೆಲವು ಭಾಗಗಳನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್‌ಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ಬೇಕಾದಾಗ ಮತ್ತೆ ಓದುತ್ತದೆ. ಈ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಅದರ ಜೊತೆ ಹೆಡ್ ಜಾಗಕ್ಕೆ ಹೋಗುವ ಸಮಯ ಸೇರಿಸಿದರೆ, ಚದುರಿದ ಓದು ಸೆಕೆಂಡಿಗೆ ನೂರೂ ದಾಟುವುದಿಲ್ಲ. ಅದೇ ಡಿಸ್ಕಿನ ಮೇಲೆ ಮೂರು ವಿಎಂಗಳ ಡಿಸ್ಕ್ ಫೈಲ್‌ಗಳೂ ಇವೆ, ವಿಂಡೋಸ್ ಕೂಡ ಇದೆ, ಪೇಜ್ ಫೈಲ್ ಕೂಡ ಇದೆ. ಮೌಸ್ ನಿಲ್ಲದೆ ಇನ್ನೇನಾಗುತ್ತದೆ?

ಹಸಿರು ಆಮೆ

ವಿಎಂ ಓಡಿಸಲು ಅವಳು ಬಳಸುತ್ತಿದ್ದದ್ದು ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್. ವಿಎಂ ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಐಕಾನ್‌ಗಳ ಸಾಲು ಇರುತ್ತದೆ. ಅದರಲ್ಲಿ ಒಂದು ಹಸಿರು ಆಮೆ ಇತ್ತು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಆಮೆ ಕಂಡರೆ ಅರ್ಥ ಇಷ್ಟು: ಪ್ರೊಸೆಸರ್ ಕೊಡುವ ವರ್ಚುವಲೈಸೇಷನ್ ನೆರವು ವರ್ಚುವಲ್‌ಬಾಕ್ಸ್‌ಗೆ ನೇರವಾಗಿ ಸಿಗುತ್ತಿಲ್ಲ, ವಿಂಡೋಸ್‌ನ ಮೂಲಕ ಕೇಳಿ ಪಡೆಯುತ್ತಿದೆ. ವಿಎಂನ ಲಾಗ್ ಫೈಲ್ ತೆರೆದರೆ ವಿಟಿ-ಎಕ್ಸ್ (ಆ ನೆರವಿನ ಹೆಸರು) ಸಿಗಲಿಲ್ಲ, ಬೇರೆ ದಾರಿ ಹಿಡಿಯುತ್ತಿದ್ದೇನೆ ಎನ್ನುವ ಸಾಲೂ ಇತ್ತು.

ಇದರ ಹಿಂದೆ ದೊಡ್ಡ ಇತಿಹಾಸವೇ ಇದೆ. ಯಾವ ಪ್ರೊಸೆಸರ್ ಮೇಲೆ ವಿಎಂ ಸರಾಗವಾಗಿ ಓಡುತ್ತದೆ ಎಂಬುದಕ್ಕೆ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1974ರಲ್ಲೇ ನಿಯಮ ಬರೆದಿದ್ದರು. ನಮ್ಮ ಪಿಸಿಗಳಲ್ಲಿರುವ ಎಕ್ಸ್86 ಆ ನಿಯಮಕ್ಕೆ ಹೊಂದುತ್ತಿರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ವಿಎಂ ಓಡಿಸುವ ತನ್ನ ವರ್ಕ್‌ಸ್ಟೇಷನ್ ಸಾಫ್ಟ್‌ವೇರ್ ತಂದಾಗ, ತೊಂದರೆ ಕೊಡುವ ಆದೇಶಗಳನ್ನು ಓಡುವಾಗಲೇ ಬದಲಾಯಿಸಿ ಹೇಗೋ ದಾರಿ ಮಾಡಿಕೊಂಡಿತ್ತು. ಆಮೇಲೆ 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಈ ನೆರವನ್ನು ಚಿಪ್ಪಿನೊಳಗೇ ಇಟ್ಟವು. ಇಂಟೆಲ್‌ನದ್ದೇ ವಿಟಿ-ಎಕ್ಸ್. ಆದರೆ ಅಲ್ಲಿ ಕುರ್ಚಿ ಒಂದೇ, ಮೊದಲು ಕೂತವರದ್ದು. ವಿಂಡೋಸ್ ಬೂಟ್ ಆಗುವಾಗಲೇ ಅದರ ಸ್ವಂತ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ತಳದ ಸಾಫ್ಟ್‌ವೇರ್) ಬಂದು ಕೂತರೆ, ಆಮೇಲೆ ಬಂದ ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಹೋಗಬೇಕು. 2018ರ ಕೊನೆಯಲ್ಲಿ ಬಂದ 6.0 ಆವೃತ್ತಿಯಿಂದ ಹಾಗೆ ಹೋಗುವ ದಾರಿಯಾದರೂ ಇದೆ. ಆದರೆ ನಿಧಾನ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಮ್‌ಇನ್ಫೋ ಅಂತ ಹೊಡೆದರೆ ಕೊನೆಯಲ್ಲಿ ಹೈಪರ್‌ವೈಸರ್ ಪತ್ತೆಯಾಗಿದೆ ಎಂಬ ಸಾಲು ಬಂತು. "ಆದ್ರೆ ಇದು ಹೋಮ್ ಎಡಿಷನ್ ಅಲ್ವಾ ಮಾಮ, ಹೈಪರ್-ವಿ ಇರಲ್ಲ ಅಂತಾರಲ್ಲ?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ. ಹೈಪರ್-ವಿ ಅಂದರೆ ವಿಂಡೋಸ್‌ನದ್ದೇ ವಿಎಂ ವ್ಯವಸ್ಥೆ. ಹೋಮ್‌ನಲ್ಲಿ ಅದರ ಮ್ಯಾನೇಜರ್ ಇರುವುದಿಲ್ಲ, ನಿಜ. ಆದರೆ ಕೆಳಗಿನ ಹೈಪರ್‌ವೈಸರ್ ಹೋಮ್‌ನಲ್ಲೂ ಇದೆ. ಅದನ್ನು ಎಬ್ಬಿಸುವವರು ಇಲ್ಲಿ ಇಬ್ಬರಿದ್ದರು. ಒಂದು, ಡಬ್ಲ್ಯುಎಸ್ಎಲ್ 2 ಕೇಳುವ ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್. ಎರಡು, ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೊಲೇಷನ್ ಕೆಳಗಿರುವ ಮೆಮೊರಿ ಇಂಟೆಗ್ರಿಟಿ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಡಾಕರ್ ತೆಗೆಯಬಹುದು. ಆದರೆ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಅಂತ ಸಲೀಸಾಗಿ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೆಟ್ಟ ಡ್ರೈವರ್‌ಗಳು ಕರ್ನಲ್ ಒಳಗೆ ನುಗ್ಗದಂತೆ ತಡೆಯುವ ವ್ಯವಸ್ಥೆ ಅದು. ಅವಳ ಹತ್ತಿರ ಇರುವುದು ಇದೊಂದೇ ಲ್ಯಾಪ್‌ಟಾಪ್. ಬ್ಯಾಂಕ್ ಕೆಲಸವೂ ಇದರಲ್ಲೇ, ಆಧಾರ್, ಅಂಕಪಟ್ಟಿ ಎಲ್ಲಾ ಇದರಲ್ಲೇ. ಲ್ಯಾಬ್ ಬೇಗ ಓಡಲಿ ಅಂತ ಮನೆ ಬಾಗಿಲ ಬೀಗ ತೆಗೆಯಲು ನಾನು ಹೇಳುವುದಿಲ್ಲ. ಹಾಗಾಗಿ ಬೇರೆ ದಾರಿ ಹುಡುಕಿದೆವು: ವಿಂಡೋಸ್ ಇದ್ದ ಹಾಗೇ ಇರಲಿ, ಲ್ಯಾಬ್‌ಗೆ ಮಾತ್ರ ಪಕ್ಕದಲ್ಲಿ ಉಬುಂಟು. ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಕೆವಿಎಂ ಕರ್ನಲ್‌ನ ಭಾಗವೇ, 2007ರಿಂದಲೂ. ವಿಟಿ-ಎಕ್ಸ್ ಅದಕ್ಕೆ ನೇರವಾಗಿ ಸಿಗುತ್ತದೆ. ಸಹಿ ಇಲ್ಲದ ಸಿಸ್ಟಮ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೂ ಬೀಳುವುದಿಲ್ಲ. ಹೇಗೂ ಕಲಿಯುತ್ತಿರುವುದು ಲಿನಕ್ಸ್ ಕೆಲಸವನ್ನೇ, ದಿನವೂ ಅದರಲ್ಲಿ ಕೂತರೆ ಕೈ ಕೂಡ ಪಳಗುತ್ತದೆ.

ನಿಧಾನ ಅಲ್ಲದ ತೊಂದರೆ

ಒಂದು ವಿಷಯಕ್ಕೆ ಮಾತ್ರ ಲ್ಯಾಪ್‌ಟಾಪಿನ ನಿಧಾನ ಕಾರಣವಾಗಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ಕಷ್ಟಪಟ್ಟು ಅವಳು ಎರಡು ವಿಎಂ ಎಬ್ಬಿಸಿ ಕ್ಲಸ್ಟರ್ ಕಟ್ಟಿದ್ದಳು. ಪಟ್ಟಿಯಲ್ಲಿ ಎರಡೂ ರೆಡಿ ಅಂತ ತೋರಿಸುತ್ತಿತ್ತು. ಆದರೆ ವರ್ಕರ್ ಮೇಲೆ ಓಡುತ್ತಿರುವ ಪಾಡ್‌ನ (ಕುಬರ್ನೆಟಿಸ್ ಓಡಿಸುವ ಅಪ್ಲಿಕೇಶನ್ ಘಟಕ) ಲಾಗ್ ಕೇಳಿದರೆ, ಹಾಗೊಂದು ಇಲ್ಲವೇ ಇಲ್ಲ ಅಂತ ಉತ್ತರ. "ಸ್ಲೋ ಅಲ್ವಾ, ಅದಕ್ಕೇ ಹೀಗೆ" ಅಂದುಕೊಂಡು ಕಾಯುತ್ತಾ ಕೂರುತ್ತಿದ್ದಳು. ಕ್ಲಾಸಿನಲ್ಲೂ ಅದನ್ನೇ ಹೇಳಿದ್ದರು.

ನೋಡ್‌ಗಳ, ಅಂದರೆ ಕ್ಲಸ್ಟರ್‌ನಲ್ಲಿರುವ ಮೆಷಿನ್‌ಗಳ, ಪಟ್ಟಿಯನ್ನು ಉದ್ದನೆಯ ರೂಪದಲ್ಲಿ ತೆಗೆಸಿದೆ. ಐಪಿ ವಿಳಾಸದ ಕಾಲಂನಲ್ಲಿ ಎರಡು ಸಾಲಿಗೂ ಒಂದೇ ಅಂಕಿ: 10.0.2.15. "ಎರಡಕ್ಕೂ ಒಂದೇ ಹೇಗೆ ಬಂತು?" ಅಂತ ಅವಳೇ ಕೇಳಿದಳು.

ವರ್ಚುವಲ್‌ಬಾಕ್ಸ್‌ನ ನ್ಯಾಟ್ ಮೋಡ್‌ನಲ್ಲಿ ಒಂದೊಂದು ವಿಎಂಗೂ ಅದರದ್ದೇ ಬೇರೆ ರೂಟರ್ ಇರುತ್ತದೆ. ಆ ಪುಟ್ಟ ಲೋಕದಲ್ಲಿ ವಿಎಂನ ವಿಳಾಸ ಯಾವಾಗಲೂ 10.0.2.15. ಹತ್ತು ವಿಎಂ ಇದ್ದರೆ ಹತ್ತಕ್ಕೂ ಅದೇ. ಇಂಟರ್ನೆಟ್‌ಗೆ ಹೋಗಲು ಅದು ಸಾಕು, ಒಂದನ್ನೊಂದು ನೋಡಲು ಆಗುವುದಿಲ್ಲ. ಅದಕ್ಕೇ ಕೋರ್ಸಿನಲ್ಲಿ ಎರಡನೇ ನೆಟ್‌ವರ್ಕ್ ಅಡಾಪ್ಟರ್ ಹಾಕಿಸಿದ್ದರು, ಹೋಸ್ಟ್-ಓನ್ಲಿ, ಅಂದರೆ ಲ್ಯಾಪ್‌ಟಾಪ್ ಮತ್ತು ವಿಎಂಗಳ ನಡುವೆ ಮಾತ್ರ. ಅದರಲ್ಲಿ 192.168.56.10 ಮತ್ತು 11 ಅಂತ ಬೇರೆ ಬೇರೆ ವಿಳಾಸ ಇತ್ತು. ವರ್ಕರ್ ಕ್ಲಸ್ಟರ್‌ಗೆ ಸೇರಿದ್ದೂ ಈ ದಾರಿಯಿಂದಲೇ.

ಆದರೆ ಪ್ರತಿ ನೋಡ್‌ನಲ್ಲಿ ಕುಬರ್ನೆಟಿಸ್‌ನ ಕೆಲಸ ನೋಡಿಕೊಳ್ಳುವ ಕುಬ್‌ಲೆಟ್ ತನ್ನ ವಿಳಾಸ ಯಾವುದು ಅಂತ ತಾನೇ ಆರಿಸಿಕೊಳ್ಳುತ್ತದೆ. ಯಾರೂ ಹೇಳದಿದ್ದರೆ, ಹೊರಗೆ ಹೋಗುವ ಡಿಫಾಲ್ಟ್ ದಾರಿ ಯಾವ ಅಡಾಪ್ಟರ್‌ನಲ್ಲಿದೆಯೋ ಅದರದ್ದು. ಅದು ನ್ಯಾಟ್. ಹಾಗಾಗಿ ಇಬ್ಬರೂ ನಾನು 10.0.2.15 ಅಂತ ಹೆಸರು ಬರೆಸಿದರು. ಲಾಗ್ ಬೇಕಾದಾಗ ಕಂಟ್ರೋಲ್ ಪ್ಲೇನ್ ಆ ವಿಳಾಸದ ಬಾಗಿಲು ತಟ್ಟುತ್ತದೆ. ಅದು ಅದರದ್ದೇ ಬಾಗಿಲು. ಅಲ್ಲಿ ಆ ಪಾಡ್ ಇರುವುದಿಲ್ಲ. ಅದು ಹೇಳಿದ ಉತ್ತರ ಸರಿಯಾಗಿಯೇ ಇತ್ತು.

ಕುಬ್‌ಲೆಟ್‌ಗೆ ನೋಡ್ ಐಪಿ ಇಂಥದ್ದು ಅಂತ ಕಾನ್ಫಿಗ್‌ನಲ್ಲಿ ಬರೆದು ರೀಸ್ಟಾರ್ಟ್ ಮಾಡಿದ ಮೇಲೆ, ಅದೇ ನಿಧಾನದ ಲ್ಯಾಪ್‌ಟಾಪ್‌ನಲ್ಲೇ ಲಾಗ್ ಬಂತು. ಇನ್ನೂ ಒಂದು ರೂಪಾಯಿ ಖರ್ಚಾಗಿರಲಿಲ್ಲ. ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಈ ತಪ್ಪು ಹಾಗೇ ಜೊತೆಗೆ ಬರುತ್ತಿತ್ತು, ಇನ್ನಷ್ಟು ವೇಗವಾಗಿ. ಕಲಿಯುವವರಿಗೆ ನಿಧಾನ ಯಾವುದು, ತಪ್ಪು ಯಾವುದು ಅಂತ ಬೇರೆ ಮಾಡಿ ತೋರಿಸದೆ ಎಲ್ಲದಕ್ಕೂ ಮೆಷಿನ್ ಹಳೇದು ಅನ್ನುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಅವರ ಆತ್ಮವಿಶ್ವಾಸವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಏನು ಕೊಂಡೆವು

ಡಾಕರ್ ಮುಚ್ಚಿ, ಬ್ರೌಸರ್‌ನ ಟ್ಯಾಬ್ ಇಳಿಸಿ, ಒಂದೊಂದು ವಿಎಂಗೆ ಕೊಟ್ಟಿದ್ದ 4 ಸಿಪಿಯುವನ್ನು 2ಕ್ಕೆ ತಂದು ಮತ್ತೆ ನೋಡಿದೆವು. ಈ ಚಿಪ್ಪಿನಲ್ಲಿರುವುದು 4 ಕೋರ್, 8 ಥ್ರೆಡ್. ಮೂರು ವಿಎಂಗೂ ನಾಲ್ಕು ನಾಲ್ಕು ಕೊಟ್ಟರೆ ಅವು ಪರಸ್ಪರ ಕಾಯುವುದೇ ಆಗುತ್ತದೆ. ಇಷ್ಟು ಮಾಡಿದ ಮೇಲೆ ಎರಡು ವಿಎಂ ಪರವಾಗಿಲ್ಲ ಅನ್ನುವಂತೆ ಓಡಿದವು. ಮೂರನೆಯದಕ್ಕೆ ಮತ್ತೆ ಡಿಸ್ಕ್ ಶೇ. 100. ಅಂದರೆ ಕೊರತೆ ಇರುವುದು ಖಚಿತ, ಮೊದಲು ರ‍್ಯಾಮ್, ಆಮೇಲೆ ಡಿಸ್ಕ್.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ತುಂಬಿದೆ ಅಂತ ಇತ್ತು. ಇದಕ್ಕಿಂತ ಒಳ್ಳೇ ಸುದ್ದಿ ಬೇಕಿರಲಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಭಾವ ಹೇಳಿದ ಬಜೆಟ್‌ನಲ್ಲಿ ಅವರು ನೋಡಿಟ್ಟಿದ್ದ ಹೊಸ ಮಾಡೆಲ್ ಅಂಥದ್ದೇ: 8 ಜಿಬಿ, ಬೆಸೆದದ್ದು, ಖಾಲಿ ಸ್ಲಾಟ್ ಇಲ್ಲ. ಸಾಲ ಮಾಡಿ ಅದನ್ನು ತಂದಿದ್ದರೆ ಅದೇ 8 ಜಿಬಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಳು, ಈ ಸಲ ಹೊರಬರುವ ದಾರಿಯೂ ಇಲ್ಲದೆ. ವಿಎಂ ಓಡಿಸಲು ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರ್‌ನ ತಲೆಮಾರು ನೋಡುವ ಮೊದಲು ರ‍್ಯಾಮ್ ಎಷ್ಟು, ಮುಂದೆ ಹೆಚ್ಚಿಸಬಹುದಾ ಅಂತ ನೋಡಿ. ನನ್ನ ಮಾತು ಅಷ್ಟೇ.

ಶನಿವಾರ ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ನಡೆದೆವು. ಲ್ಯಾಪ್‌ಟಾಪ್ ಜೊತೆಗೇ ಇತ್ತು. ರ‍್ಯಾಮ್ ಕೊಳ್ಳುವಾಗ ಹೀಗೇ ತಗೊಂಡು ಹೋಗುವುದು ಒಳ್ಳೆಯದು. "ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್, 8 ಜಿಬಿ, 2400" ಅಂತ ಅವಳೇ ಕೇಳಿದಳು. ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಿ ಹಳೇ ಸ್ಟಿಕ್ ತೋರಿಸಿದರು, ಪಕ್ಕದಲ್ಲಿ ಹೊಸದನ್ನು ಕೂರಿಸಿದರು. ಕ್ಲಿಪ್ ಎರಡೂ ಕಡೆ ಟಕ್ ಅಂತ ಕೂತವು. ಬಯಾಸ್‌ನಲ್ಲಿ 16384 ಎಂಬಿ ಅಂತ ಬರುವ ತನಕ ದುಡ್ಡು ಕೊಡಲಿಲ್ಲ. ಜಿಎಸ್‌ಟಿ ಬಿಲ್ ಮತ್ತು ವಾರಂಟಿ ಕೇಳಿ ತೆಗೆದುಕೊಂಡೆವು. ಅಲ್ಲೇ 500 ಜಿಬಿಯ ಸಾಟಾ ಎಸ್ಎಸ್‌ಡಿ ಒಂದು, ಹಳೇ ಹಾರ್ಡ್ ಡಿಸ್ಕಿಗೆ ಯುಎಸ್‌ಬಿ ಕೇಸ್ ಒಂದು. ಹೊಸ ಲ್ಯಾಪ್‌ಟಾಪಿನ ಬೆಲೆಯ ಕಾಲು ಭಾಗದೊಳಗೆ ಎಲ್ಲಾ ಮುಗಿಯಿತು. ರ‍್ಯಾಮ್ ಬೆಲೆ ಏರಿಳಿಯುತ್ತಲೇ ಇರುತ್ತದೆ, ಅದಕ್ಕೆ ಎರಡು ಮೂರು ಅಂಗಡಿ ವಿಚಾರಿಸಿ. ಎರಡಕ್ಕೂ ದುಡ್ಡಿಲ್ಲದಿದ್ದರೆ ಮೊದಲು ರ‍್ಯಾಮ್ ಹಾಕಿಸಿ.

ಎಸ್ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿದೆವು. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ತಾನಾಗಿಯೇ ಆಕ್ಟಿವೇಟ್ ಆಯಿತು. ಅರ್ಧ ಜಾಗ ಖಾಲಿ ಬಿಟ್ಟು ಅದರಲ್ಲಿ ಉಬುಂಟು ಹಾಕಿದೆವು. ಇರುವ ವಿಂಡೋಸನ್ನೇ ಕುಗ್ಗಿಸಿ ಉಬುಂಟು ಹಾಕುವವರು ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಮಾಹಿತಿಗೆ ಹಾಕುವ ಬೀಗ) ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಒಳಗೆ ಬಿಡದೆ ಹೋಗಬಹುದು.

ಈಗ ಹೇಗಿದೆ

ಉಬುಂಟುವಿನಲ್ಲಿ ಕೆವಿಎಂ ಮೇಲಿನ ವಿಎಂಗಳನ್ನು ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಬಳಸಿ ಒಂದು ಮೂಲ ವಿಎಂ ಮಾಡಿದೆವು. ಅದರ ಡಿಸ್ಕನ್ನು ಮುಟ್ಟದೆ ಬುಡದಲ್ಲಿಟ್ಟು, ಮೇಲೆ ಬದಲಾವಣೆ ಮಾತ್ರ ಬರೆದುಕೊಳ್ಳುವ ಮೂರು ಕ್ಯೂಕೌ2 ಫೈಲ್. ಜಾಗ ತುಂಬಾ ಉಳಿಯುತ್ತದೆ. ಕಂಟ್ರೋಲ್ ಪ್ಲೇನ್‌ಗೆ 3 ಜಿಬಿ, ವರ್ಕರ್‌ಗಳಿಗೆ ಎರಡೆರಡು. ಮೂರಕ್ಕೂ ಒಳಗೆ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಬಳಸುವುದು) ಆಫ್, ಯಾಕೆಂದರೆ ಸ್ವಾಪ್ ಇದ್ದರೆ ಕುಬ್‌ಲೆಟ್ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲ. ಇಲ್ಲಿನ ಡಿಫಾಲ್ಟ್ ನೆಟ್‌ವರ್ಕ್‌ನಲ್ಲಿ ಮೂರೂ ಒಂದೇ ಬ್ರಿಡ್ಜ್ (ವರ್ಚುವಲ್ ಸ್ವಿಚ್) ಮೇಲೆ ಕೂರುತ್ತವೆ, 192.168.122ರ ಸಾಲಿನಲ್ಲಿ. ಎರಡನೇ ಅಡಾಪ್ಟರ್ ಬೇಡ, 10.0.2.15ರ ಕಾಟವೂ ಇಲ್ಲ.

ಆದರೂ ಮೊದಲ ಸಲ ಎಬ್ಬಿಸಿದಾಗ ಮೂರೂ ವಿಎಂಗೂ ಮತ್ತೆ ಒಂದೇ ಐಪಿ ಬಂತು. ಮ್ಯಾಕ್ ವಿಳಾಸ (ನೆಟ್‌ವರ್ಕ್ ಅಡಾಪ್ಟರ್‌ನ ಗುರುತು) ಬೇರೆ ಬೇರೆಯೇ ಇತ್ತು. ಈ ಸಲ ಅವಳು ಕಾಯುತ್ತಾ ಕೂರಲಿಲ್ಲ, ತಾನೇ ಹುಡುಕಿದಳು. ಉಬುಂಟು ಸರ್ವರ್ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಕೇಳುವಾಗ ತನ್ನ ಗುರುತನ್ನು ಮೆಷಿನ್-ಐಡಿ ಎಂಬ ಫೈಲಿನಿಂದ ಮಾಡಿಕೊಳ್ಳುತ್ತದೆ. ಒಂದೇ ಮೂಲದಿಂದ ಹುಟ್ಟಿದವಾದ್ದರಿಂದ ಮೂರರಲ್ಲೂ ಆ ಫೈಲ್ ಒಂದೇ. ಮೂಲ ವಿಎಂನಲ್ಲಿ ಅದನ್ನು ಖಾಲಿ ಮಾಡಿ ಮತ್ತೆ ಮೂರನ್ನೂ ಹುಟ್ಟಿಸಿದಳು. ಖಾಲಿ ಇದ್ದರೆ ಬೂಟ್ ಆಗುವಾಗ ಹೊಸದು ಬರೆದುಕೊಳ್ಳುತ್ತದೆ. "ಸಿಕ್ತು ಮಾಮ" ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು, ಮೂರು ಸಾಲು, ಮೂರು ಬೇರೆ ಬೇರೆ ವಿಳಾಸ.

ಈಗ ಮೂರೂ ವಿಎಂ ಒಂದು ನಿಮಿಷದೊಳಗೆ ಲಾಗಿನ್‌ಗೆ ಬರುತ್ತವೆ. ಪಕ್ಕದಲ್ಲಿ ಬ್ರೌಸರ್ ತೆರೆದಿದ್ದರೂ ಐದಾರು ಜಿಬಿ ಖಾಲಿ ಇರುತ್ತದೆ. ಬಗೆಹರಿಯದೆ ಉಳಿದದ್ದೂ ಇದೆ. ಇದು 15 ವಾಟ್‌ನ ಚಿಪ್ಪು. ಬಹಳ ಹೊತ್ತು ಭಾರ ಬಿದ್ದರೆ ಬಿಸಿಯಾಗಿ ವೇಗ ಇಳಿಸುತ್ತದೆ. ಹಾಸಿಗೆ ಮೇಲಿಟ್ಟು ಓಡಿಸುವುದನ್ನು ಬಿಡಿಸಿದ್ದೇನೆ, ಫ್ಯಾನ್ ಧೂಳು ತೆಗೆಸಿದ್ದೇವೆ. ಬ್ಯಾಟರಿ ಸೋತಿದೆ, ಕರೆಂಟ್ ಹೋದರೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಹಾಗಾಗಿ ಕರೆಂಟ್ ಹೋದ ಕೂಡಲೇ ಮೂರನ್ನೂ ಶಟ್‌ಡೌನ್ ಮಾಡುವ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದಾಳೆ. ಸ್ನ್ಯಾಪ್‌ಶಾಟ್ (ವಿಎಂನ ಒಂದು ಹೊತ್ತಿನ ಸ್ಥಿತಿಯನ್ನು ಉಳಿಸಿದ್ದು) ಇದ್ದರೆ ಸಾಕು ಅಂತ ಕೆಲವರು ನಂಬುತ್ತಾರೆ. ಅದು ಅದೇ ಎಸ್ಎಸ್‌ಡಿ ಮೇಲೆ ಇರುತ್ತದೆ, ಎಸ್ಎಸ್‌ಡಿ ಹೋದರೆ ಅದೂ ಹೋಗುತ್ತದೆ. ಯುಎಸ್‌ಬಿ ಕೇಸ್‌ನಲ್ಲಿರುವ ಹಳೇ ಹಾರ್ಡ್ ಡಿಸ್ಕಿಗೆ ವಾರಕ್ಕೊಮ್ಮೆ, ವಿಎಂಗಳನ್ನು ನಿಲ್ಲಿಸಿ, ಮೂಲ ಫೈಲ್ ಸಮೇತ ಕಾಪಿ ಮಾಡಿಡುತ್ತಾಳೆ.

ಮುಂದಿನ ಪಾಠ ಸ್ಟೋರೇಜ್ ಬಗ್ಗೆ. ಅದಕ್ಕೆ ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್ಎಫ್ಎಸ್ ಸರ್ವರ್ ಆಗಿ ನಾಲ್ಕನೇ ವಿಎಂ ಬೇಕು, ಒಂದು ಜಿಬಿ ಕೊಟ್ಟರೆ ಸಾಕು. ಭಾವ ಇಎಂಐ ಅರ್ಜಿ ವಾಪಸ್ ತೆಗೆದುಕೊಂಡಿದ್ದಾರೆ.